ಪ್ಲಗ್ ಒದ್ದೆಯಾ, ಒಣಗಿದೆಯಾ?

ಚಿಕ್ಕಪ್ಪ: (ಫಾರ್ವರ್ಡ್) ಮರ ಕೊಯ್ಯುವ ಮಿಷನ್ ಸ್ಟಾರ್ಟ್ ಆಗುತ್ತಿಲ್ಲವೇ? ಮೆಕ್ಯಾನಿಕ್‌ಗಳು ಹೇಳದ ಗುಟ್ಟು ಇಲ್ಲಿದೆ! ಏರ್ ಫಿಲ್ಟರ್ ಮೇಲೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಿರಿ. ಮಿಷನ್ ಒಂದು ಕೈಯಲ್ಲಿ ಎತ್ತಿ, ಕೆಳಕ್ಕೆ ಜಾಡಿಸುತ್ತಾ ಹಗ್ಗ ಎಳೆಯಿರಿ. ಎಷ್ಟೇ ಹಳೆಯದಾದರೂ ಎರಡೇ ನಿಮಿಷ. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನೋಡಿ ಅಳಿಯಂದಿರೇ. ಆವತ್ತೇ ಹೇಳಿದ್ದೆ, ಮಿಷನ್ನಿನಲ್ಲಿ ಏನೂ ತೊಂದರೆ ಇಲ್ಲ. ಎಳೆಯುವ ರೀತಿ ಗೊತ್ತಿರಬೇಕು ಅಷ್ಟೇ.

ಅಕ್ಕ: ಅಂದರೆ ಇವರಿಗೆ ಹಗ್ಗ ಎಳೆಯೋಕೂ ಬರುವುದಿಲ್ಲ ಅಂತಲಾ ಚಿಕ್ಕಪ್ಪ? ಎಳೆದು ಎಳೆದು ಭುಜ ಹಿಡಿದುಕೊಂಡಿದೆ.

ನಾನು: ಭಾವ, ಸ್ಪ್ರೇ ಹೊಡೆಯಬೇಡಿ. ಚಿಕ್ಕಪ್ಪ, ಇದನ್ನು ಬರೆದವರು ಯಾರು? ಯಾವ ಕಂಪನಿಯ ಪುಸ್ತಕದಲ್ಲಿದೆ?

ಚಿಕ್ಕಪ್ಪ: ಶುರುವಾಯಿತು. ನಾನು ಏನು ಕಳಿಸಿದರೂ ನಿನಗೆ ಸಾಕ್ಷಿ ಬೇಕು. ಬೇರೆಯವರು ಕಳಿಸಿದ್ದಕ್ಕೆ ಮಾತ್ರ ಹೂವು, ನಮಸ್ಕಾರ.

ನಾನು: ಕಳಿಸಿದವರು ಯಾರು ಅನ್ನುವುದು ನನಗೆ ಮುಖ್ಯ ಅಲ್ಲ. ಇದು ಟು-ಸ್ಟ್ರೋಕ್ ಎಂಜಿನ್. ಪಿಸ್ಟನ್‌ಗೆ ಆಯಿಲ್ ಸಿಗುವುದು ಪೆಟ್ರೋಲ್ ಜೊತೆ ಬೆರೆತು ಬಂದಾಗ ಮಾತ್ರ. ಬರೀ ಸ್ಪ್ರೇ ಮೇಲೆ ಓಡಿಸಿದರೆ ಪಿಸ್ಟನ್ ಒಣಗಿಕೊಂಡೇ ಉಜ್ಜುತ್ತದೆ. ಒಂದು ಬ್ಯಾಕ್‌ಫೈರ್ ಆಗಿ ಉರಿ ಹಿಂದಕ್ಕೆ ಚಿಮ್ಮಿದರೆ ಸ್ಪ್ರೇ ಹೊಡೆದ ಫಿಲ್ಟರ್‌ಗೇ ಬೆಂಕಿ. ಗಾಳಿಯಲ್ಲಿ ಜಾಡಿಸಿ ಎಳೆಯುವುದು ಅದಕ್ಕಿಂತ ಕೆಟ್ಟದ್ದು. ಚೋಕ್ ಹಾಕಿ, ಅಂದರೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಎಳೆಯುವ ಹಾಗೆ ಮಾಡಿ, ಸ್ಟಾರ್ಟ್ ಮಾಡಿದರೆ ಎಂಜಿನ್ ಜೋರಾಗಿ ಏಳುತ್ತದೆ, ಬ್ರೇಕ್ ಹಾಕಿಲ್ಲದಿದ್ದರೆ ಚೈನ್ ತಿರುಗಿಬಿಡುತ್ತದೆ. ಆಗ ಅದು ಇರುವುದು ಒಂದು ಕೈಯಲ್ಲಿ, ತೊಡೆಯ ಪಕ್ಕ.

ನಾನು: ಭಾವ, ಎಂಜಿನ್‌ಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ನೋಡಿದಿರಾ? ಒದ್ದೆಯಾಗಿದೆಯಾ, ಒಣಗಿದೆಯಾ?

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಈಗಿನವರಿಗೆ ತಾಳ್ಮೆ ಕಡಿಮೆ. ಯಂತ್ರವಾಗಲಿ ಮನುಷ್ಯನಾಗಲಿ, ಮೃದುವಾಗಿ ನಡೆಸಿಕೊಂಡರೆ ಮಾತು ಕೇಳುತ್ತದೆ. ಹಿರಿಯರು ಕಳಿಸಿದ್ದನ್ನು ಎಲ್ಲರೆದುರು ತೆಗೆದುಹಾಕುವುದು ಒಳ್ಳೆಯ ಲಕ್ಷಣ ಅಲ್ಲ.

ಅಣ್ಣ: ಅಜ್ಜನ ಹತ್ತಿರ ಇಬ್ಬರು ಹಿಡಿದು ಎಳೆಯುವ ಉದ್ದ ಗರಗಸ ಇತ್ತಲ್ವಾ? ಆ ಕಡೆ ಅಪ್ಪ, ಈ ಕಡೆ ಚಿಕ್ಕಪ್ಪ. ಕೊಯ್ದ ಪುಡಿ ನಮ್ಮ ತಲೆ ಮೇಲೆಲ್ಲ ಬೀಳುತ್ತಿತ್ತು. ಪೆಟ್ರೋಲ್ ಬೇಡ, ಪ್ಲಗ್ ಬೇಡ.

ದೊಡ್ಡಪ್ಪ: ಆ ಗರಗಸ ಈಗ ಎಲ್ಲಿದೆ ಅಂತ ನಿನ್ನ ಚಿಕ್ಕಪ್ಪನನ್ನೇ ಕೇಳು.

ಚಿಕ್ಕಪ್ಪ: ಅಣ್ಣಾ, ಆ ವಿಷಯ ಈಗ ಬೇಡ. ಅಪ್ಪ ಅದನ್ನು ನನಗೇ ಕೊಟ್ಟಿದ್ದು.

ಅಕ್ಕ: ಹಾಗೇ ಈ ಮಿಷನ್ನನ್ನು ನಮಗೆ ಕೊಟ್ಟಿರಿ. ಕೊಡುವಾಗ "ಒಂದೇ ಎಳೆತಕ್ಕೆ ಸ್ಟಾರ್ಟ್" ಅಂದಿದ್ದಿರಿ. ಆ ಮಾತು ಗುಂಪಿನಲ್ಲೇ ಇದೆ, ಹುಡುಕಿ ಮತ್ತೆ ತೋರಿಸಲಾ?

ಚಿಕ್ಕಪ್ಪ: ನನ್ನ ಕೈಯಲ್ಲಿದ್ದಾಗ ಆಗುತ್ತಿತ್ತು. ನೀವು ಎಂಥ ಪೆಟ್ರೋಲ್ ಹಾಕಿದ್ದೀರೋ ಯಾರಿಗೆ ಗೊತ್ತು.

ಭಾವ: ಮಾವ, ಬೇರೆ ಪೆಟ್ರೋಲ್ ಹಾಕಿಯೇ ಇಲ್ಲ. ನೀವು ಕೊಟ್ಟಾಗ ಟ್ಯಾಂಕಿನಲ್ಲಿ ಇದ್ದದ್ದೇ ಇದೆ.

ನಾನು: ಹಾಗಾದರೆ ಮೊದಲು ಅದನ್ನು ಪೂರ್ತಿ ಖಾಲಿ ಮಾಡಿ. ಎಥನಾಲ್ ಬೆರೆತ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ತೇವ ಹೀರಿಕೊಳ್ಳುತ್ತದೆ, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ಒಳಗೆ ಅಂಟು ಕಟ್ಟುತ್ತದೆ. ಹೊಸದಾಗಿ ಕಲಸುವಾಗ ಮಿಷನ್ ಪುಸ್ತಕದಲ್ಲಿರುವ ಅಳತೆಯೇ ಇರಲಿ. 50:1 ಅಂದಿದ್ದರೆ ಒಂದು ಲೀಟರ್‌ಗೆ 20 ಮಿಲಿ ಟು-ಸ್ಟ್ರೋಕ್ ಆಯಿಲ್. 25:1 ಅಂದಿದ್ದರೆ 40 ಮಿಲಿ.

ನಾನು: ಮತ್ತೆ ಕೇಳುತ್ತಿದ್ದೇನೆ. ಪ್ಲಗ್ ಒದ್ದೆಯಾ, ಒಣಗಿದೆಯಾ? ಯಾರ ತಪ್ಪು ಅನ್ನುವುದಕ್ಕಿಂತ ಮೊದಲು ಇದು ಗೊತ್ತಾಗಬೇಕು. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಬಹುಶಃ ಜಾಸ್ತಿಯೇ ಆಗಿದೆ, ಅಥವಾ ಕರೆಂಟ್ ಬರುತ್ತಿಲ್ಲ. ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ.

ಅಣ್ಣ: ಅಜ್ಜ ಗರಗಸದ ಹಲ್ಲಿಗೆ ಅರ ಹಾಕುವ ಸದ್ದು ಈಗಲೂ ಕಿವಿಯಲ್ಲಿದೆ.

ದೊಡ್ಡಪ್ಪ: ಅವರು ಇದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಭಾವ: ಬಿಚ್ಚಿದೆ. ಒಣಗಿದೆ. ಚೋಕ್ ಹಾಕಿ ಅಷ್ಟು ಎಳೆದರೂ ಪೆಟ್ರೋಲ್ ವಾಸನೆ ಕೂಡ ಇಲ್ಲ.

ನಾನು: ಸರಿ, ಈಗ ದಾರಿ ಸಿಕ್ಕಿತು. ಪ್ಲಗ್ ಹೊರಗಿರುವಾಗಲೇ ಕರೆಂಟ್ ನೋಡಿಬಿಡಿ. ಪ್ಲಗ್‌ಗೆ ಕ್ಯಾಪ್ ಹಾಕಿ, ಅದರ ಲೋಹದ ಮೈ ಎಂಜಿನ್‌ಗೆ ತಾಗಿಸಿ, ಸ್ವಿಚ್ ಆನ್ ಮಾಡಿ ಹಗ್ಗ ಎಳೆಯಿರಿ. ಪ್ಲಗ್ ಅದನ್ನು ಬಿಚ್ಚಿದ ತೂತಿನಿಂದ ದೂರ ಇರಲಿ, ಟ್ಯಾಂಕ್ ಮುಚ್ಚಳ ಭದ್ರವಾಗಿರಲಿ, ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು. ನೀಲಿ ಕಿಡಿ ಬಂದರೆ ಆ ಕಡೆ ಚಿಂತೆ ಇಲ್ಲ.

ಚಿಕ್ಕಪ್ಪ: ಕಿಡಿ ಬಂದೇ ಬರುತ್ತದೆ. ಪ್ಲಗ್ ನಾನೇ ಹೊಸದು ಹಾಕಿಸಿದ್ದು.

ಭಾವ: ಬಂತು. ನೀಲಿಯಾಗಿ, ಚೆನ್ನಾಗಿದೆ.

ಚಿಕ್ಕಪ್ಪ: ಈಗಲಾದರೂ ನಂಬಿ.

ನಾನು: ಪ್ಲಗ್ ವಿಷಯದಲ್ಲಿ ನೀವು ಹೇಳಿದ್ದು ಸರಿ ಚಿಕ್ಕಪ್ಪ. ಭಾವ, ಈಗ ತುದಿ ಬಾಗಿಸಿದ ತಂತಿ ಹಾಕಿ ಟ್ಯಾಂಕ್ ಒಳಗಿನ ಪೈಪ್ ಮೆಲ್ಲಗೆ ಹೊರಗೆಳೆಯಿರಿ. ಅದರ ತುದಿಯಲ್ಲಿ ಪುಟ್ಟ ಫಿಲ್ಟರ್ ಇರುತ್ತದೆ. ಪೈಪನ್ನು ಬೆರಳಲ್ಲಿ ಬಾಗಿಸಿ ನೋಡಿ.

ಭಾವ: ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿದೆ, ಅಂಟಂಟು. ಪೈಪ್ ಗಟ್ಟಿಯಾಗಿಬಿಟ್ಟಿದೆ. ಸುಮ್ನೆ ಇಟ್ಟರೆ ಏನೂ ಕಾಣುವುದಿಲ್ಲ. ಬಾಗಿಸಿದರೆ, ಟ್ಯಾಂಕ್ ಗೋಡೆಯಿಂದ ಹೊರಬರುವ ಜಾಗದಲ್ಲಿ ಸೀಳು ಬಾಯಿಬಿಡುತ್ತದೆ.

ನಾನು: ಆ ಸೀಳಿನಿಂದ ಗಾಳಿ ಎಳೆಯುತ್ತಿದೆ, ಪೆಟ್ರೋಲ್ ಮೇಲೆ ಏರುತ್ತಿಲ್ಲ. ಪೈಪ್, ಫಿಲ್ಟರ್ ಎರಡೂ ಬದಲಿಸಿ.

ಅಕ್ಕ: ಸೀಳಿದ ಪೈಪ್ ಇರುವ ಮಿಷನ್ ಕೊಟ್ಟು, ಇವರಿಗೆ ಎಳೆಯೋಕೆ ಬರುವುದಿಲ್ಲ ಅಂದಿರಿ.

ಚಿಕ್ಕಪ್ಪ: ಟ್ಯಾಂಕ್ ಒಳಗಿನ ಪೈಪ್ ನನಗೆ ಕಾಣುತ್ತದಾ?

ನಾನು: ಅಕ್ಕ, ಆ ಪೈಪ್ ಪೆಟ್ರೋಲಿನಲ್ಲಿ ನೆಂದು ನೆಂದು ಗಟ್ಟಿಯಾಗುತ್ತದೆ, ಯಾರ ಮನೆಯಲ್ಲಿದ್ದರೂ ಅಷ್ಟೇ. ಆದರೆ ಚಿಕ್ಕಪ್ಪ, ಆ ಫಾರ್ವರ್ಡ್ ದಯವಿಟ್ಟು ಅಳಿಸಿ. ಸ್ಪ್ರೇಗೆ ಒಂದೆರಡು ಸಲ ಢಬ್ ಅಂದು ನಿಲ್ಲುತ್ತಿತ್ತು, ಪೈಪಿನ ಸೀಳು ಹಾಗೇ ಇರುತ್ತಿತ್ತು. ಭಾವ ಮಿಷನ್ ಗಾಳಿಯಲ್ಲಿ ಜಾಡಿಸುತ್ತಲೇ ಇರುತ್ತಿದ್ದರು.

ದೊಡ್ಡಪ್ಪ: ಅಳಿಸಪ್ಪಾ. ಅಷ್ಟಕ್ಕೆ ಯಾರೂ ಚಿಕ್ಕವರಾಗುವುದಿಲ್ಲ.

(ಈ ಸಂದೇಶವನ್ನು ಅಳಿಸಲಾಗಿದೆ)

ಭಾವ: ಪೈಪ್, ಫಿಲ್ಟರ್ ಹೊಸದು ಹಾಕಿದೆ. ಬ್ರೇಕ್ ಹಾಕಿ, ನೆಲದ ಮೇಲಿಟ್ಟು, ಹಿಂದಿನ ಹಿಡಿಯೊಳಗೆ ಬೂಟು ಒತ್ತಿ ಎಳೆದೆ. ಸ್ಟಾರ್ಟ್ ಆಯಿತು! ಆದರೆ ಚೋಕ್ ತೆಗೆದ ಕೂಡಲೇ ನಿಲ್ಲುತ್ತದೆ.

ನಾನು: ಚೋಕ್‌ನಲ್ಲೇ ಓಡಿಸಿ ಮರ ಕೊಯ್ಯಲು ಹೋಗಬೇಡಿ. ಇನ್ನೂ ಪೆಟ್ರೋಲ್ ಸಾಲುತ್ತಿಲ್ಲ, ಅಂದರೆ ಆಯಿಲ್ ಕೂಡ ಸಾಲುತ್ತಿಲ್ಲ. ಕಾರ್ಬುರೇಟರ್ ಒಳಗಿನ ತೆಳ್ಳಗಿನ ಡಯಾಫ್ರಮ್ ಪೊರೆ ಗಟ್ಟಿಯಾಗಿರಬಹುದು, ಜಾಲರಿಯಲ್ಲಿ ಕಸ ಕಟ್ಟಿಕೊಂಡಿರಬಹುದು. ಬಿಚ್ಚಿ ತೊಳೆದು ರಿಪೇರಿ ಕಿಟ್ ಹಾಕಬೇಕು.

ಚಿಕ್ಕಪ್ಪ: ಕಾರ್ಬುರೇಟರ್ ಮೈಮೇಲೆ ನಂಬರ್ ಕೊರೆದಿರುತ್ತದೆ ಅಳಿಯಂದಿರೇ. ಫೋಟೋ ತೆಗೆದು ಹಾಕಿ. ಕಿಟ್ ನಾನು ತರುತ್ತೇನೆ.