ಕುದುರೆಮುಖ ಚಾರಣಕ್ಕೆ ಅಪ್ಪನನ್ನೂ ಮಗಳನ್ನೂ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ (ಹಾಸನ): ದಸರಾ ರಜೆಯಲ್ಲಿ ಕುದುರೆಮುಖ ಹತ್ತುವ ಆಸೆ. ಅಪ್ಪನಿಗೆ 61, ದಿನಾ ವಾಕಿಂಗ್ ಮಾಡುತ್ತಾರೆ. ಮಗಳಿಗೆ 12. ಇಂಬಳ (ಕಾಡಿನ ಜಿಗಣೆ) ಅಂದ್ರೆ ನನಗೇ ಭಯ. ಹೋಗಿ ಬಂದವರು ಹೇಳಿ.

ಕಳಸದಿಂದ: ಮೊದಲು ಅನುಮತಿ, ಆಮೇಲೆ ಹೋಮ್‌ಸ್ಟೇ. ತುಂಬಾ ಜನ ಉಲ್ಟಾ ಮಾಡಿ ಪೇಚಾಡುತ್ತಾರೆ. ಇದು ರಾಷ್ಟ್ರೀಯ ಉದ್ಯಾನ ಅಲ್ವಾ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಅರಣ್ಯ ಇಲಾಖೆಯ ವೆಬ್‌ಸೈಟ್‌ನಲ್ಲಿ ಬುಕ್ ಮಾಡಬೇಕು. ರಜೆಯ ದಿನಗಳು ಬೇಗ ಖಾಲಿಯಾಗುತ್ತವೆ.

ಅಪ್ಪನ ವಿಷಯ. ಶಿಖರದ ಎತ್ತರ ಸುಮಾರು 1,890 ಮೀಟರ್, ಅದನ್ನು ನೋಡಿ ಹೆದರಬೇಡಿ. ಸುಸ್ತು ಮಾಡುವುದು ದೂರ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೋಗಿ ಬರಲು ಹತ್ತಿರ ಹತ್ತಿರ 20 ಕಿ.ಮೀ. ಪಾರ್ಕಿನಲ್ಲಿ ಸುತ್ತು ಹೊಡೆದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಾರಿಯಲ್ಲಿ ಸಿಗುವ ಒಂಟಿಮರದವರೆಗೆ ಮಾತಾಡಿಕೊಂಡು ಹೋಗಬಹುದು. ಮುಂದೆ ಏರು, ಅದು ಮುಗಿಯಿತು ಅಂದುಕೊಂಡರೆ ಇನ್ನೊಂದು ಏರು. ಹತ್ತುವಾಗ ಎದೆ ಹೇಳುತ್ತದೆ, ಇಳಿಯುವಾಗ ಮೊಣಕಾಲು ಹೇಳುತ್ತದೆ. ಮಳೆ ನೆನೆದ ಜೇಡಿಮಣ್ಣಿನಲ್ಲಿ ಒಳ್ಳೆ ಶೂ ಕೂಡ ಜಾರುತ್ತದೆ. ಅಪ್ಪನ ಕೈಗೆ ಒಂದು ಕೋಲು ಕೊಡಿ. ಅವರಿಗೆ ಸಾಕು ಅನ್ನಿಸಿದರೆ ಜೊತೆಯಲ್ಲಿ ಯಾರು ವಾಪಸ್ ಬರಬೇಕು ಅನ್ನುವುದನ್ನು ಹಿಂದಿನ ರಾತ್ರಿಯೇ ತೀರ್ಮಾನಿಸಿ. ಗುಡ್ಡದ ಮೇಲೆ ನಿಂತು ಚರ್ಚೆ ಮಾಡಿದರೆ ಯಾರೋ ಒಬ್ಬರು ಮುನಿಸಿಕೊಳ್ಳುತ್ತಾರೆ.

ಮಗಳ ಚಿಂತೆ ಬಿಡಿ. ಅವಳೇ ನಿಮ್ಮನ್ನು ಕಾಯುತ್ತಾಳೆ.

ಕೊಪ್ಪದಿಂದ: ಇಂಬಳ ಇದ್ದೇ ಇರುತ್ತೆ ಅಕ್ಕಾ, ಸುಮ್ನೆ ಸುಳ್ಳು ಹೇಳಲ್ಲ. ಹತ್ತುವಾಗ ದಾರದ ಎಳೆಯಷ್ಟಿರುತ್ತದೆ, ಸಾಕ್ಸ್‌ನ ಹೆಣಿಗೆಯೊಳಗೇ ನುಗ್ಗುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಕಾಲ್ಬೆರಳ ಸಂದಿ ಒದ್ದೆ ಅನ್ನಿಸಿದಾಗಲೇ ತಿಳಿಯುವುದು. ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ, ನೀರಲ್ಲಿ ಅದ್ದಿ ಶೂ ಮೇಲೆಲ್ಲ ಒತ್ತಿ. ಹಳ್ಳ ದಾಟಿದ ಮೇಲೆ ಮತ್ತೆ ಒತ್ತಬೇಕು, ಉಪ್ಪು ತೊಳೆದು ಹೋಗಿರುತ್ತದೆ. ಇಂಬಳ ಕಳಚಿ ಬಿದ್ದ ಮೇಲೂ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅಷ್ಟೇ. ಅಪ್ಪ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ.

ಮೂಡಿಗೆರೆಯಿಂದ: ಮುಳ್ಳೋಡಿಗೆ ಕಾರು ನಂಬಬೇಡಿ. ಬಾಳೆಗಲ್ ಕಡೆಯಿಂದ ಜೀಪ್ ಸಿಗುತ್ತದೆ. ಬಾಡಿಗೆ ಹತ್ತುವ ಮೊದಲೇ ಮಾತಾಡಿ, ವಾಪಸ್ಸಿಗೂ ಸೇರಿಸಿ.

ಚಿಕ್ಕಮಗಳೂರಿನಿಂದ: ಇಷ್ಟೆಲ್ಲ ಕಷ್ಟ ಯಾಕೆ? ಮುಳ್ಳಯ್ಯನಗಿರಿ 1,930 ಮೀಟರ್, ಇದಕ್ಕಿಂತ ಎತ್ತರ. ಗಾಡಿ ಇಳಿದು ಮೆಟ್ಟಿಲು ಹತ್ತಿದರೆ ಆಯಿತು.

ಕಳಸದಿಂದ: ಗಾಡಿ ಸಾಲು ನೋಡುವುದಕ್ಕೆ ಅಲ್ಲಿಗೆ ಹೋಗಲಿ ಬಿಡಿ ಸಾರ್! ಕುದುರೆಮುಖದಲ್ಲಿ ನೋಡಬೇಕಾದದ್ದು ಹುಲ್ಲುಗುಡ್ಡ, ಅದರ ಮಡಿಕೆಗಳಲ್ಲಿ ಅವಿತಿರುವ ಕುಳ್ಳ ಮರಗಳ ದಟ್ಟ ಶೋಲಾ ಕಾಡು. ಇದೇ ಸೀಮೆಯಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಈಗ ಚಾಕೊಲೇಟ್ ಕಾಗದ ಬಿಸಾಡಿದರೂ ಗೈಡ್ ಬೈಯಬೇಕು, ನನ್ನ ಪ್ರಕಾರ.

ಮತ್ತೆ ಅಕ್ಕಾ, ಮಾರನೇ ದಿನ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಪ್ರಸಾದದ ಊಟ ಮಾಡಿಕೊಂಡೇ ಹಾಸನಕ್ಕೆ ಹೊರಡಿ. ದೇವಸ್ಥಾನದ ಮೆಟ್ಟಿಲಿಗೆ ಕಾಲು ಎತ್ತೋಕಾಗುತ್ತಾ ಅನ್ನುವುದು ಬೇರೆ ಮಾತು.