ಪೈಥಾನ್ ಪ್ರೋಗ್ರಾಂನಿಂದ ಕನ್ನಡ ಇಮೇಲ್ ಕಳುಹಿಸುವುದು ಹೇಗೆ?

ಪ್ರಶ್ನೆ (ವಿರಾಜಪೇಟೆ)
ನಮ್ಮ ಸುತ್ತಲಿನ ಕಾಫಿ ತೋಟಗಳಲ್ಲಿ ಪ್ರತಿದಿನ ಬೆಳಿಗ್ಗೆ ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಅಳೆದಿಡುವ ಮಳೆ ಲೆಕ್ಕವನ್ನು ಒಟ್ಟುಗೂಡಿಸಿ ಬೆಳೆಗಾರರಿಗೆಲ್ಲ ಇಮೇಲ್ ಮಾಡುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪತ್ರವನ್ನು ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಜೋಡಿಸಿ, ಪೈಥಾನ್‌ನ ಇಮೇಲ್ ಕಳುಹಿಸುವ ಲೈಬ್ರರಿಯಾದ ಎಸ್‌ಎಂಟಿಪಿಲಿಬ್‌ನ ಸೆಂಡ್‌ಮೇಲ್ ಎಂಬ ಫಂಕ್ಷನ್‌ಗೆ ಕೊಡುತ್ತೇನೆ. ಸಂಘದ ಖಾತೆಯಿಂದ ಇಂಗ್ಲಿಷ್ ಪತ್ರ ಹೋಗುತ್ತದೆ. ಕನ್ನಡದ ಒಂದಕ್ಷರ ಸೇರಿದರೂ ಯೂನಿಕೋಡ್ ಎನ್‌ಕೋಡ್ ಎರರ್ (ಅಕ್ಷರವನ್ನು ಸಂಕೇತಕ್ಕೆ ಬದಲಿಸಲಾಗದ ದೋಷ) ಬರುತ್ತದೆ. ನನ್ನ ಸ್ವಂತ ಖಾತೆಯಿಂದಾದರೆ ಲಾಗಿನ್ ಹಂತದಲ್ಲೇ 535 ಎಂಬ ದೋಷ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಹೊತ್ತಿಗೆ ಇದು ಸಿದ್ಧವಾದರೆ ಎಲ್ಲರಿಗೂ ಪ್ರಯೋಜನವಾಗುತ್ತದೆ. ದಯವಿಟ್ಟು ಮಾರ್ಗದರ್ಶನ ನೀಡಿ.

ಉತ್ತರ 1 (ಮಡಿಕೇರಿ)
ಸೆಂಡ್‌ಮೇಲ್ ತನಗೆ ಕೊಟ್ಟ ಸ್ಟ್ರಿಂಗನ್ನು ಆಸ್ಕಿಗೆ (ಕನ್ನಡ ಅಕ್ಷರಗಳಿಲ್ಲದ ಹಳೆಯ ಸಂಕೇತ ಪದ್ಧತಿ) ಪರಿವರ್ತಿಸಲು ಹೊರಡುತ್ತದೆ, ಕನ್ನಡಕ್ಕೆ ಅಲ್ಲಿಯೇ ತಡೆಯಾಗುತ್ತದೆ. ಪತ್ರವನ್ನು ಕೈಯಾರೆ ಜೋಡಿಸುವುದನ್ನು ಬಿಟ್ಟು, ಪೈಥಾನ್ ಜೊತೆಗೇ ಬರುವ ಇಮೇಲ್ ಲೈಬ್ರರಿಯ ಇಮೇಲ್‌ಮೆಸೇಜ್ ವಸ್ತುವನ್ನು ಬಳಸಿ: ವಿಷಯದ ಸಾಲನ್ನು ಸಬ್ಜೆಕ್ಟ್‌ಗೆ ಕೊಟ್ಟು, ಒಡಲನ್ನು ಸೆಟ್ ಕಂಟೆಂಟ್‌ಗೆ ಒಪ್ಪಿಸಿ, ಸೆಂಡ್ ಮೆಸೇಜ್ ಮೂಲಕ ಕಳುಹಿಸಿದರೆ ಒಡಲು ಯುಟಿಎಫ್-8ರಲ್ಲಿ (ಕನ್ನಡವನ್ನೂ ಒಳಗೊಂಡ ಸಂಕೇತ ಪದ್ಧತಿ) ಹೋಗುತ್ತದೆ, ಕನ್ನಡದ ವಿಷಯದ ಸಾಲನ್ನು ಶಿಷ್ಟ ರೀತಿಯಲ್ಲಿ ಸಂಕೇತಿಸುವ ಕೆಲಸವನ್ನೂ ಲೈಬ್ರರಿಯೇ ಮಾಡುತ್ತದೆ.

535 ಎಂದರೆ ಸರ್ವರ್ ನಿಮ್ಮ ಗುರುತನ್ನು ಒಪ್ಪಲಿಲ್ಲ ಎಂದರ್ಥ. ಅದು ಜಿಮೇಲ್ ಖಾತೆಯಾಗಿದ್ದರೆ, ಮಾಮೂಲಿ ಪಾಸ್‌ವರ್ಡ್‌ನಿಂದ ಪ್ರೋಗ್ರಾಂಗಳು ಲಾಗಿನ್ ಆಗುವ ಸೌಲಭ್ಯ 2022ರಲ್ಲಿ ನಿಂತಿದೆ. ಎರಡು ಹಂತದ ಪರಿಶೀಲನೆಯನ್ನು ಚಾಲನೆಗೊಳಿಸಿ ಆ್ಯಪ್ ಪಾಸ್‌ವರ್ಡ್ (ಪ್ರೋಗ್ರಾಂಗೆಂದೇ ಗೂಗಲ್ ಕೊಡುವ ಬೇರೆ ಪಾಸ್‌ವರ್ಡ್) ಪಡೆಯಿರಿ. ನೀವು ಸಂಪರ್ಕಿಸುವ ಸರ್ವರ್‌ನ ಪೋರ್ಟ್ (ಸಂಪರ್ಕ ದ್ವಾರದ ಸಂಖ್ಯೆ) 587 ಆದರೆ, ಲಾಗಿನ್‌ಗೆ ಮೊದಲು ಸಂಪರ್ಕವನ್ನು ಗೂಢಗೊಳಿಸುವ ಸ್ಟಾರ್ಟ್‌ಟಿಎಲ್‌ಎಸ್ ಕರೆಯಬೇಕು. 465 ಆದರೆ ಸಂಪರ್ಕ ಮೊದಲಿನಿಂದಲೇ ಗೂಢವಾಗಿರುತ್ತದೆ. ಪಾಸ್‌ವರ್ಡನ್ನು ಕೋಡ್‌ನೊಳಗೆ ಬರೆಯಲೇಬೇಡಿ.

ಪ್ರಶ್ನಿಸಿದವರು
ಧನ್ಯವಾದ, ಕನ್ನಡ ಪತ್ರ ಸರಿಯಾಗಿ ಹೋಯಿತು. ಈಗ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಳುಹಿಸಲು ಹೊರಟರೆ, ಎರಡನೆಯ ವಿಳಾಸಕ್ಕೆ ಬಂದಾಗ ವ್ಯಾಲ್ಯೂ ಎರರ್ ಬರುತ್ತಿದೆ.

ಉತ್ತರ 2 (ಸೋಮವಾರಪೇಟೆ)
ಇಮೇಲ್‌ಮೆಸೇಜ್‌ನಲ್ಲಿ ಟು (ಯಾರಿಗೆ) ಎಂಬ ಶೀರ್ಷಿಕೆಗೆ ಮತ್ತೊಮ್ಮೆ ವಿಳಾಸ ಕೊಟ್ಟರೆ ಹಳೆಯದು ಅಳಿಯುವುದಿಲ್ಲ, ಇನ್ನೊಂದು ಸೇರಲು ಹೋಗುತ್ತದೆ. ಪತ್ರಕ್ಕೆ ಅಂಥದ್ದು ಒಂದೇ ಇರಬೇಕಾದ್ದರಿಂದ ದೋಷ ಬರುತ್ತದೆ. ಲೂಪಿನೊಳಗೆ ಪ್ರತಿಯೊಬ್ಬರಿಗೂ ಹೊಸ ವಸ್ತುವನ್ನೇ ರಚಿಸುವುದು ನನ್ನ ಅಭಿಪ್ರಾಯದಲ್ಲಿ ಸ್ವಚ್ಛವಾದ ದಾರಿ. ಎಲ್ಲರಿಗೂ ಒಂದೇ ಪತ್ರ ಸಾಕಾದರೆ ಬಿಸಿಸಿ (ಗುಟ್ಟಾಗಿ ಪ್ರತಿ ಕಳುಹಿಸುವ ವಿಳಾಸಗಳ ಸಾಲು) ಬಳಸಬಹುದು. ಸೆಂಡ್ ಮೆಸೇಜ್ ಆ ಸಾಲನ್ನು ತೆಗೆದೇ ಕಳುಹಿಸುವುದರಿಂದ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ.

ನಮ್ಮ ಜಿಲ್ಲೆಯ ಮಳೆಗಾಲವನ್ನು ನೆನೆದು ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತು) ಮರ ಬಿದ್ದು ಕರೆಂಟು ಹೋಗುವುದು, ನೆಟ್‌ವರ್ಕ್ ಅರ್ಧದಲ್ಲಿ ಕಡಿಯುವುದು ನಮಗೆ ಹೊಸದಲ್ಲ. ಸಂಪರ್ಕ ತೆರೆಯುವಾಗ ಟೈಮ್‌ಔಟ್ (ಕಾಯುವ ಗರಿಷ್ಠ ಸಮಯ) ಕೊಡದಿದ್ದರೆ, ಉತ್ತರ ಬಾರದ ಸರ್ವರ್‌ಗಾಗಿ ಪ್ರೋಗ್ರಾಂ ಕಾಯುತ್ತಲೇ ಕುಳಿತಿರಬಹುದು. 30 ಸೆಕೆಂಡು ಇಡಿ. ಕಳುಹಿಸಬೇಕಾದ ವಿಳಾಸಗಳನ್ನು ಎಸ್‌ಕ್ಯೂಲೈಟ್ (ಒಂದೇ ಕಡತದಲ್ಲಿರುವ ಪುಟ್ಟ ಡೇಟಾಬೇಸ್) ಕೋಷ್ಟಕದಲ್ಲಿಟ್ಟು, ಸೆಂಡ್ ಮೆಸೇಜ್ ದೋಷವಿಲ್ಲದೆ ಮರಳಿದ ಮೇಲಷ್ಟೇ ಆ ಸಾಲಿಗೆ ಗುರುತು ಹಾಕಿ, ಉಳಿದವನ್ನು ಅರ್ಧ ಗಂಟೆ ಬಿಟ್ಟು ಮತ್ತೆ ಪ್ರಯತ್ನಿಸಿ. ಸರ್ವರ್ ಪತ್ರವನ್ನು ಸ್ವೀಕರಿಸಿದ ಕ್ಷಣದಲ್ಲೇ ಸಂಪರ್ಕ ಕಡಿದರೆ ಒಬ್ಬರಿಗೆ ಎರಡು ಪ್ರತಿ ಹೋದೀತು, ಆದರೆ ಮಳೆ ಲೆಕ್ಕ ಯಾರಿಗಾದರೂ ತಲುಪದೇ ಹೋಗುವುದಕ್ಕಿಂತ ಅದು ಮೇಲು.