ಐಎಲ್‌ಆರ್ (ಯುಕೆಯಲ್ಲಿ ಕಾಯಂ ಆಗಿರೋ ಅನುಮತಿ) ಸಿಗೋಕೆ ಹತ್ತು ವರ್ಷ ಆದ್ರೆ ಮಕ್ಕಳ ಕಥೆ ಏನು? 2025 ಮುಗಿಯೋ ಹೊತ್ತಿಗೆ ಯುಕೆ ಕನ್ನಡಿಗರ ಗುಂಪಲ್ಲೊಂದು ಚರ್ಚೆ

ಶಿವಮೊಗ್ಗ–ರೀಡಿಂಗ್
ಎಲ್ಲರಿಗೂ ನಮಸ್ಕಾರ. ಯಜಮಾನ್ರದ್ದು ಸ್ಕಿಲ್ಡ್ ವರ್ಕರ್ ವೀಸಾ, 2022ರ ಮಾರ್ಚ್‌ನಿಂದ. ಸಂಬಳ 52,000 ಪೌಂಡ್. ನಾನು, ಮಗಳು ಡಿಪೆಂಡೆಂಟ್. ಮಗಳು ಹುಟ್ಟಿದ್ದು ಶಿವಮೊಗ್ಗದಲ್ಲಿ, ಈಗ ಇಯರ್ 3. ಫೆಬ್ರವರಿಗೆ ಎರಡನೇ ಮಗು. 2027ರ ಮಾರ್ಚ್‌ಗೆ ಐದು ವರ್ಷ ಆಗುತ್ತೆ, ಐಎಲ್‌ಆರ್ ಹಾಕೋಣ ಅಂತಿದ್ವಿ. ಮೇ 12ರ ಸರ್ಕಾರದ ವಲಸೆ ಶ್ವೇತಪತ್ರದಲ್ಲಿ ಹತ್ತು ವರ್ಷ ಅಂದ್ರು. ಸೆಪ್ಟೆಂಬರ್‌ನಲ್ಲಿ ರಿಫಾರ್ಮ್ ಪಕ್ಷದವರು ಐಎಲ್‌ಆರ್ ಅನ್ನೇ ತೆಗೆದುಹಾಕ್ತೀವಿ ಅಂದ್ರು. ನವೆಂಬರ್ 20ಕ್ಕೆ ಸರ್ಕಾರವೇ ಈಗಾಗಲೇ ಇಲ್ಲಿರೋರಿಗೂ ಹೊಸ ನಿಯಮ ಅಂತಿದೆ. ಆಗಸ್ಟ್‌ನಿಂದ ಬೀದಿಯ ದೀಪದ ಕಂಬಕ್ಕೆಲ್ಲ ಇಂಗ್ಲೆಂಡಿನ ಸೇಂಟ್ ಜಾರ್ಜ್ ಬಾವುಟ ಕಟ್ಟಿದಾರೆ. "ನಾವು ಇಲ್ಲಿ ಇರಬಾರದಾ ಅಮ್ಮ" ಅಂತ ಮಗಳು ಕೇಳ್ತಾಳೆ.
ನಮಗೆ ಐದೋ ಹತ್ತೋ? ಹುಟ್ಟೋ ಮಗು ಯಾವ ದೇಶದ್ದಾಗುತ್ತೆ? ಈಗಲೇ ಊರಿಗೆ ಹೊರಡೋದೇ ವಾಸಿನಾ? ತಿಳಿದವರು ಹೇಳಿ.

ಮೈಸೂರು–ಹ್ಯಾರೋ
ಮೇಡಂ, ಮೊದಲು ಒಂದು ವಿಷಯ: ನವೆಂಬರ್ 20ರದ್ದು ಇನ್ನೂ ನಿಯಮ ಅಲ್ಲ, ಸಮಾಲೋಚನೆ. ಫೆಬ್ರವರಿ 12ರವರೆಗೆ ಯಾರು ಬೇಕಾದ್ರೂ ಅಭಿಪ್ರಾಯ ಕಳಿಸಬಹುದು. 2026ರ ಏಪ್ರಿಲ್‌ನಿಂದ ಹಂತಹಂತವಾಗಿ ಜಾರಿ ಅಂತ ಹೇಳಿದಾರೆ. ಅಲ್ಲಿವರೆಗೆ ಹಳೇ ಲೆಕ್ಕನೇ: ಐದು ವರ್ಷ, ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ದೇಶದಾಚೆ ಇರಬಾರದು, ಅವಧಿ ಮುಗಿಯೋಕೆ 28 ದಿನ ಮೊದಲೇ ಅರ್ಜಿ ಹಾಕಬಹುದು.
ಪ್ರಸ್ತಾವದಲ್ಲಿ ಇರೋದು ಹೀಗೆ. ಮೂಲ ಅವಧಿ 10 ವರ್ಷ. ಅರ್ಜಿಗೆ ಹಿಂದಿನ ಮೂರು ವರ್ಷ ತೆರಿಗೆ ಲೆಕ್ಕದ ಆದಾಯ 50,270 ಪೌಂಡ್ ಇದ್ರೆ 5 ವರ್ಷ ಕಡಿತ, 1,25,140 ಇದ್ರೆ 7 ವರ್ಷ ಕಡಿತ. ಇಂಗ್ಲಿಷ್ ಸಿ1 ಮಟ್ಟ (ಬಿ1, ಬಿ2ಗಿಂತ ಮೇಲಿನದು) ಇದ್ರೆ 1 ವರ್ಷ. ಎಲ್ಲವನ್ನೂ ಕೂಡಿಸೋ ಹಾಗಿಲ್ಲ, ಯಾವುದು ದೊಡ್ಡದೋ ಅದೊಂದೇ. ಪದವಿ ಮಟ್ಟಕ್ಕಿಂತ ಕೆಳಗಿನ ಕೆಲಸದವರಿಗೆ, ಮುಖ್ಯವಾಗಿ ಕೇರ್ ವರ್ಕರ್‌ಗಳಿಗೆ, 15 ವರ್ಷ. ನಿಜವಾಗಿ ಹೊಡೆತ ಬೀಳೋದು ಅವರಿಗೆ.
ಅಂದ್ರೆ ಯಜಮಾನ್ರಿಗೆ ಐದೇ ವರ್ಷ ಆಗೋ ಸಾಧ್ಯತೆ ಇದೆ. ನಿಮ್ಮದೇ ಬೇರೆ. ಸಂಗಾತಿಗಳನ್ನ ಪ್ರತ್ಯೇಕವಾಗಿ, ಅವರವರ ಸ್ವಂತ ಅರ್ಹತೆ ಮೇಲೆ ಅಳೀತಾರಂತೆ. ವರ್ಷಕ್ಕೆ 12,570 ಪೌಂಡ್ ಮೇಲೆ ಸ್ವಂತ ಗಳಿಕೆ ಕನಿಷ್ಠ 3ರಿಂದ 5 ವರ್ಷ ಇರಬೇಕು ಅನ್ನೋದು ಕಡ್ಡಾಯ ಷರತ್ತುಗಳ ಪಟ್ಟಿಯಲ್ಲಿದೆ. ಮನೆಯಲ್ಲಿರೋ ತಾಯಂದಿರು, ಹೆರಿಗೆ ರಜೆಯಲ್ಲಿರೋರು ಏನು ಮಾಡಬೇಕು ಅನ್ನೋದೇ ಈ ಸಮಾಲೋಚನೆಗೆ ಬರೆಯಬೇಕಾದ ವಿಷಯ. ಬರೀರಿ. ಇಂಗ್ಲಿಷ್ ಕೂಡ ಬಿ1ನಿಂದ ಬಿ2ಗೆ ಏರುತ್ತೆ. ಊರಲ್ಲಿ ಇಂಗ್ಲಿಷ್ ಮಾಧ್ಯಮದ ಡಿಗ್ರಿ ಮಾಡಿದ್ರೆ ವಿದೇಶಿ ಪದವಿ ಪರಿಶೀಲಿಸೋ ಎಕ್ಟಿಸ್ ಸಂಸ್ಥೆಯಿಂದ ಪತ್ರ ತರಿಸಿಕೊಳ್ಳಿ, ಇಂಗ್ಲಿಷ್ ಪರೀಕ್ಷೆ ಬೇಕಾಗಲ್ಲ.

ಹುಬ್ಬಳ್ಳಿ–ಲೀಡ್ಸ್
ಇಷ್ಟೆಲ್ಲಾ ಲೆಕ್ಕ ಯಾಕ್ರಿ? ಇದು ಕೋರ್ಟಿನಾಗ ನಿಲ್ಲೂದಿಲ್ಲ. 2006ರಾಗ ಎಚ್‌ಎಸ್‌ಎಂಪಿ (ನುರಿತ ಕೆಲಸಗಾರರ ಹಳೇ ವೀಸಾ) ಮ್ಯಾಲ ಬಂದವರಿಗೆ ಇದನ್ನ ಮಾಡಿದ್ರು. ಮೊದಲ ಬಂದವರ ಮ್ಯಾಲೆ ಹೊಸ ನಿಯಮ ಹೇರಿದ್ರು, ನಾಕು ವರ್ಷದ್ದು ಐದು ವರ್ಷ ಮಾಡಿದ್ರು. ಎಚ್‌ಎಸ್‌ಎಂಪಿ ಫೋರಂನವ್ರು ಕೇಸ್ ಹಾಕಿದ್ರು. 2008ರಾಗ ಹೈಕೋರ್ಟು ಸರ್ಕಾರಕ್ಕ ಮುಖಕ್ಕ ಹೊಡದಂಗ ತೀರ್ಪು ಕೊಟ್ತು, 2009ರಾಗ ಇನ್ನೊಂದು. ಈಗೂ ಹಂಗ ಆಗ್ತದ. ಎಲ್ಲಾರೂ ರೊಕ್ಕ ಕೂಡಿಸಿ ಛಲೋ ವಕೀಲರನ್ನ ಹಿಡೀರಿ, ಮುಗೀತು.

ಮೈಸೂರು–ಹ್ಯಾರೋ
ಆ ತೀರ್ಪಿನ ಆಧಾರ ಬೇರೆ ಸರ್. ಎಚ್‌ಎಸ್‌ಎಂಪಿಯಲ್ಲಿ "ಈಗ ಸೇರಿದವರಿಗೆ ಹಳೇ ನಿಯಮವೇ ಇರುತ್ತೆ" ಅನ್ನೋ ಭರವಸೆ ಹೋಮ್ ಆಫೀಸಿನ (ಗೃಹ ಇಲಾಖೆ) ಮಾರ್ಗಸೂಚಿಯಲ್ಲೇ ಇತ್ತು, ಕೋರ್ಟು ಹಿಡಿದಿದ್ದು ಅದನ್ನ. ಸ್ಕಿಲ್ಡ್ ವರ್ಕರ್ ಮಾರ್ಗದಲ್ಲಿ ಅಂಥ ಭರವಸೆ ತೋರಿಸೋದು ಕಷ್ಟ. ಕೇಸ್ ಆಗಬಹುದು, ಬೇಡ ಅನ್ನಲ್ಲ. ಆದ್ರೆ ಅದನ್ನ ನಂಬಿ ದಾಖಲೆ ಕೂಡಿಸೋದು ಬಿಟ್ಟು ಕೂರೋದು ಬೇಡ.

ಹುಬ್ಬಳ್ಳಿ–ಲೀಡ್ಸ್
ನೀವು ಸರ್ಕಾರದ ಪರ ಮಾತಾಡ್ಲಿಕತ್ತೀರಿ ನೋಡ್ರಿ. ಭರವಸೆ ಅಂದ್ರ ಭರವಸೆ. ಬರದಿದ್ರೇನು, ಬರೀದಿದ್ರೇನು.

ಮಂಗಳೂರು–ಕಾರ್ಡಿಫ್
ಮಗುವಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಮಾರಾಯ್ರೆ.
ಹುಟ್ಟುವಾಗ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗೂ ಐಎಲ್‌ಆರ್ ಇಲ್ಲದಿದ್ದರೆ ಮಗು ಬ್ರಿಟಿಷ್ ಅಲ್ಲ, ಇಲ್ಲೇ ಹುಟ್ಟಿದರೂ ಅಲ್ಲ. ಇಂಗ್ಲೆಂಡಿನಲ್ಲಿ 42 ದಿನದೊಳಗೆ ಜನನ ನೋಂದಣಿ ಮಾಡಿಸಬೇಕು. ಅಪ್ಪ ಅಮ್ಮನ ಹೆಸರಿರುವ ಪೂರ್ಣ ಪ್ರಮಾಣಪತ್ರವೇ ಬೇಕು, ಒಂದಕ್ಕೆ 12.50 ಪೌಂಡ್. ಎರಡು ಮೂರು ಪ್ರತಿ ಒಟ್ಟಿಗೇ ತಗೊಳ್ಳಿ. ಆಮೇಲೆ ಭಾರತೀಯ ಹೈಕಮಿಷನ್‌ನಲ್ಲಿ ಜನನ ನೋಂದಣಿ, ಅದಕ್ಕೆ ಒಂದು ವರ್ಷದ ಗಡುವು ಉಂಟು. ಗಡುವು ಮೀರಿದರೆ ಭಾರತದ ಪೌರತ್ವಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ, ಆ ರಗಳೆ ಬೇಡ. ನಂತರ ಪಾಸ್‌ಪೋರ್ಟ್, ಆಮೇಲೆ ಇಲ್ಲಿಂದಲೇ ಡಿಪೆಂಡೆಂಟ್ ವೀಸಾ.
ದೇಶ ಬಿಟ್ಟು ಹೋಗದೆ ಇದ್ದರೆ ಮಗುವಿಗೆ ವೀಸಾ ಕೂಡಲೇ ಬೇಕು ಅಂತೇನಿಲ್ಲ. ಹಾಗಂತ ವೀಸಾ ಇಲ್ಲದೆ ಅಜ್ಜಿಮನೆಗೆ ಕರಕೊಂಡು ಹೋದರೆ ವಾಪಸ್ ಬರಲು ಅಲ್ಲಿಂದಲೇ ಅರ್ಜಿ ಹಾಕಿ ಕಾಯಬೇಕು, ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ಇನ್ನೊಂದು, ಎನ್‌ಎಚ್‌ಎಸ್ (ಸರ್ಕಾರಿ ಆಸ್ಪತ್ರೆ) ಚಿಕಿತ್ಸೆ ನೀವು ವೀಸಾ ಜೊತೆ ಕಟ್ಟಿದ ಆರೋಗ್ಯ ಸರ್ಚಾರ್ಜ್ ಮೇಲೆ ಮಗುವಿಗೆ ಸಿಗುವುದು ಮೊದಲ ಮೂರು ತಿಂಗಳು ಮಾತ್ರ. ಅಷ್ಟರೊಳಗೆ ವೀಸಾ ಅರ್ಜಿ, ಸರ್ಚಾರ್ಜ್ ಎರಡೂ ಮುಗಿಸಿ.
ಯಜಮಾನರಿಗೆ ಐಎಲ್‌ಆರ್ ಸಿಕ್ಕಿದ ದಿನವೇ ಎಂಎನ್1 ಫಾರಂನಲ್ಲಿ ಚಿಕ್ಕ ಮಗುವನ್ನು ಬ್ರಿಟಿಷ್ ಅಂತ ನೋಂದಾಯಿಸಬಹುದು, 2025ರ ಶುಲ್ಕ 1,214 ಪೌಂಡ್. ಅಪ್ಪ ಅಮ್ಮನಿಗೆ ಎಷ್ಟೇ ತಡವಾದರೂ ಇಲ್ಲಿ ಹುಟ್ಟಿ ಮೊದಲ ಹತ್ತು ವರ್ಷ ಇಲ್ಲೇ ಬೆಳೆದ ಮಗುವಿಗೆ ಸ್ವಂತ ಹಕ್ಕು ಉಂಟು. ಆ ಪ್ರತಿಯೊಂದು ವರ್ಷವೂ ದೇಶದಾಚೆ 90 ದಿನ ಮೀರಬಾರದು. ಊರಿನ ಬೇಸಿಗೆ ರಜೆ ಉದ್ದ ಮಾಡುವಾಗ ಇದು ನೆನಪಿರಲಿ. ದೊಡ್ಡ ಮಗಳಿಗೆ ಈ ಎರಡೂ ದಾರಿ ಇಲ್ಲ, ಅವಳು ನಿಮ್ಮ ಜೊತೆಗೇ ಬರಬೇಕು.
ಮತ್ತೆ ಚೈಲ್ಡ್ ಬೆನಿಫಿಟ್ ಮುಟ್ಟಬೇಡಿ. ಅದು ಪಬ್ಲಿಕ್ ಫಂಡ್ಸ್ (ಸರ್ಕಾರದ ಸಹಾಯಧನ), ನಿಮ್ಮ ವೀಸಾದಲ್ಲಿ ನಿಷೇಧ. ಹೊಸ ಪ್ರಸ್ತಾವದಲ್ಲಿ ಪಬ್ಲಿಕ್ ಫಂಡ್ಸ್ ಪಡೆದವರಿಗೆ ಒಂದು ವರ್ಷದೊಳಗಾದರೆ 5, ಮೀರಿದರೆ 10 ವರ್ಷ ಹೆಚ್ಚುವರಿ. ಸರ್ಕಾರಿ ಶಾಲೆ, ಇಯರ್ 2ರವರೆಗಿನ ಉಚಿತ ಊಟ, ಮೂರು ನಾಲ್ಕು ವರ್ಷದ ಮಕ್ಕಳ 15 ಗಂಟೆ ನರ್ಸರಿ, ಮೆಟರ್ನಿಟಿ ಪೇ, ಇದ್ಯಾವುದೂ ಪಬ್ಲಿಕ್ ಫಂಡ್ಸ್ ಅಲ್ಲ, ಹೆದರದೆ ತಗೊಳ್ಳಿ.

ಬೆಂಗಳೂರು–ಸ್ಲೌ
ನಾನು ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಹೊರಡಿ. ಮೇನಲ್ಲಿ ಸ್ಥಳೀಯ ಚುನಾವಣೇಲಿ 10 ಕೌನ್ಸಿಲ್ ರಿಫಾರ್ಮ್ ಪಾಲಾದ್ವು, 677 ಸೀಟು. ಜುಲೈನಲ್ಲಿ ಎಪ್ಪಿಂಗ್ ಹೋಟೆಲ್ ಗಲಾಟೆ. ಸೆಪ್ಟೆಂಬರ್ 13ಕ್ಕೆ ವಲಸೆ ವಿರೋಧಿ ಮೆರವಣಿಗೆಗೆ ಲಂಡನ್ ಬೀದೀಲಿ ಪೊಲೀಸ್ ಲೆಕ್ಕದಲ್ಲೇ ಒಂದು ಲಕ್ಷಕ್ಕೂ ಮೇಲೆ ಜನ. ಪ್ರಧಾನಿ ಸ್ಟಾರ್ಮರ್ರೇ ದೇಶ "ಅಪರಿಚಿತರ ದ್ವೀಪ" ಆಗಬಹುದು ಅಂದು ಆಮೇಲೆ ಅಯ್ಯೋ ಅಂದ. ಇನ್ನೇನು ಸೂಚನೆ ಬೇಕು? ದುಡ್ಡಿನ ಲೆಕ್ಕ ಹಾಕಿ. ಹತ್ತು ವರ್ಷ ಆದ್ರೆ ಇನ್ನೈದು ವರ್ಷದ ಸರ್ಚಾರ್ಜ್: ದೊಡ್ಡೋರಿಗೆ ವರ್ಷಕ್ಕೆ 1,035, ಮಕ್ಕಳಿಗೆ 776. ನಾಲ್ಕು ಜನಕ್ಕೆ 18,110 ಪೌಂಡ್, ವೀಸಾ ಫೀ ಬೇರೆ. ಆಮೇಲೆ ಐಎಲ್‌ಆರ್‌ಗೆ 2025ರ ಲೆಕ್ಕದಲ್ಲಿ ತಲೆಗೆ 3,029. ಅದೇ ದುಡ್ಡು ಊರಲ್ಲಿ ಸೈಟಿಗೆ ಹಾಕಿದ್ರೆ? ಮಗಳು ಮೂರನೇ ಕ್ಲಾಸು ಅಂದ್ರೆ ಇದೇ ಸಮಯ, ಏಳು ಎಂಟಕ್ಕೆ ಬಂದ ಮೇಲೆ ಮಕ್ಕಳು ಅಲ್ಲಾಡಲ್ಲ. ಎಷ್ಟು ಮನೇಲಿ ಇದೇ ಕಥೆ ನೋಡಿಲ್ಲ.

ತುಮಕೂರು–ಮಿಲ್ಟನ್ ಕೀನ್ಸ್
ನೂರಕ್ಕೆ ನೂರು ನಿಜ ಸ್ಲೌ ಸರ್. ಮಕ್ಕಳು ಇಲ್ಲಿಯವರಾಗೋ ಮೊದಲೇ ಹೊರಡಬೇಕು.

ಹುಬ್ಬಳ್ಳಿ–ಲೀಡ್ಸ್
ಹೊರಡ್ರಿ ಅನ್ನೋರೆಲ್ಲಾ ಯಾಕ ಇನ್ನೂ ಇಲ್ಲೇ ಅದಾರ ಅನ್ನೂದು ನನ್ನ ಪ್ರಶ್ನೆ.

ಬೆಂಗಳೂರು–ಸ್ಲೌ
ನಮ್ಮ ಕಾಲ ಬೇರೆ. ನಮಗೆ ಪಾಸ್‌ಪೋರ್ಟ್ ಬಂದಾಯ್ತು.

ದಾವಣಗೆರೆ–ಬರ್ಮಿಂಗ್‌ಹ್ಯಾಮ್
ಹೋಟೆಲ್ ಗಲಾಟೆ ಅಲ್ಲಿ ಇಟ್ಟಿರೋ, ಅಸೈಲಂ (ಆಶ್ರಯ) ಕೇಳಿ ಬಂದೋರ ಮೇಲೆ, ನಮ್ಮಂಥ ತೆರಿಗೆ ಕಟ್ಟೋರ ಮೇಲಲ್ಲ. ಎರಡನ್ನೂ ಯಾಕೆ ಕಲಸ್ತೀರಿ?

ಕೋಲಾರ–ಎಡಿನ್‌ಬರಾ
ಬೀದೀಲಿ ಕೂಗೋನು ವೀಸಾ ಕೇಳಿ ಕೂಗಲ್ಲ ಸ್ವಾಮಿ. ಹೋಟೆಲಲ್ಲಿರೋರೂ ಮನುಷ್ಯರೇ. ಅವರನ್ನ ತೋರಿಸಿ ನಾವು ಒಳ್ಳೇವ್ರು ಅಂದ್ಕೊಂಡ್ರೆ ನಮಗೇನೂ ರಿಯಾಯಿತಿ ಸಿಗಲ್ಲ, ನವೆಂಬರ್ ಪ್ರಸ್ತಾವ ನೋಡಿದ್ರೇ ಗೊತ್ತಾಗುತ್ತೆ.
ಮಗಳ ವಿಷಯ: ಬಾವುಟ ಕಟ್ಟೋದು ಅಪರಾಧ ಅಲ್ಲ, ಕಟ್ಟಿದೋರೆಲ್ಲ ದ್ವೇಷಿಗಳೂ ಅಲ್ಲ, ಮಗೂಗೆ ಹಾಗೇ ಹೇಳಿ. ಆದ್ರೆ ಶಾಲೇಲಿ ಯಾರಾದ್ರೂ "ನಿಮ್ಮ ದೇಶಕ್ಕೆ ಹೋಗು" ಅಂದಿದ್ರೆ ಅದು ಬೇರೆ. ಯಾವ ದಿನ, ಯಾರ ಮುಂದೆ, ಯಾವ ಮಾತು ಅಂತ ಬರೆದಿಟ್ಟು ಕ್ಲಾಸ್ ಟೀಚರ್‌ಗೆ ಈಮೇಲ್ ಮಾಡಿ. ಗೇಟ್ ಹತ್ರ ಬಾಯಲ್ಲಿ ಹೇಳಿದ್ರೆ ದಾಖಲೆ ಉಳಿಯಲ್ಲ. ಸರಿಹೋಗದಿದ್ರೆ ಹೆಡ್ ಟೀಚರ್, ಆಮೇಲೆ ಗವರ್ನರ್ಸ್ (ಶಾಲೆಯ ಆಡಳಿತ ಮಂಡಳಿ). 2010ರ ಈಕ್ವಾಲಿಟಿ ಆಕ್ಟ್ (ಸಮಾನತೆ ಕಾನೂನು) ಅಂತ ಪತ್ರದಲ್ಲಿ ಬರೀರಿ. ಬೀದೀಲಿ ಆದ್ರೆ ಪೊಲೀಸ್ 101, ಅಪಾಯ ಇದ್ರೆ 999.
ಇನ್ನೊಂದು, ಯಾರೂ ಹೇಳದ್ದು. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ವೀಸಾದಲ್ಲಿರೋರಿಗೂ ಇಲ್ಲಿ ಓಟಿದೆ, ಪಾರ್ಲಿಮೆಂಟಿಗೂ ಸೇರಿಸಿ. 2026ರ ಮೇ 7ಕ್ಕೆ ಲಂಡನ್ ಬರೋಗಳು, ಸ್ಕಾಟ್ಲೆಂಡ್, ವೇಲ್ಸ್ ಎಲ್ಲ ಕಡೆ ಚುನಾವಣೆ. ಅದಕ್ಕೆ 12 ಕೆಲಸದ ದಿನ ಮೊದಲೇ ಹೆಸರು ಸೇರಿಸಿರಬೇಕು. ಇಂಗ್ಲೆಂಡಿನ ಮತಗಟ್ಟೆಗೆ ಭಾರತದ ಪಾಸ್‌ಪೋರ್ಟ್ ತಗೊಂಡು ಹೋಗಿ, ಫೋನಲ್ಲಿರೋ ಇ-ವೀಸಾ ನಡೆಯಲ್ಲ.

ಕಲಬುರಗಿ–ಕ್ರಾಯ್ಡನ್
ಥೇಮ್ಸ್ ದಂಡಿ ಮ್ಯಾಲ ಲ್ಯಾಂಬೆತ್‌ದಾಗ ನಮ್ಮ ಬಸವಣ್ಣನ ಮೂರ್ತಿ 2015ರಿಂದ ಕುಂತದ. ಅದನ್ನ ನಿಲ್ಲಿಸಿದವ್ರು ಅಲ್ಲಿ ಮೇಯರ್ ಆಗಿದ್ದ ನಮ್ಮ ಕಲಬುರಗಿಯವ್ರು. ಯಾರೂ ಅಂಜಬ್ಯಾಡ್ರಿ. ಮನ್ಯಾಗ ಕನ್ನಡ ಮಾತಾಡ್ರಿ, ಎಲ್ಲಾ ಸರಿ ಆಗ್ತದ.

ತುಮಕೂರು–ಮಿಲ್ಟನ್ ಕೀನ್ಸ್
ಕನ್ನಡ ಅಂದ್ರಲ್ಲ, ಗುಜರಾತಿ, ಪಂಜಾಬಿ, ಬಂಗಾಳಿಗೆಲ್ಲ ಜಿಸಿಎಸ್‌ಇ (ಇಲ್ಲಿನ ಎಸ್‌ಎಸ್‌ಎಲ್‌ಸಿ ಥರದ ಪರೀಕ್ಷೆ) ಇದೆ, ನಮಗಿಲ್ಲ. ಮೊದಲು ಅದಕ್ಕೆ ಹೋರಾಡೋಣ.

ಮಂಗಳೂರು–ಕಾರ್ಡಿಫ್
ಅದಕ್ಕೆ ಬೇರೆ ಚರ್ಚೆ ಹಾಕಿ ಮಾರಾಯ್ರೆ, ಇಲ್ಲಿ ಪಾಪ ಒಬ್ಬರು ಗರ್ಭಿಣಿ ಕಾಯ್ತಾ ಇದ್ದಾರೆ.
ಊರಿಗೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ಕರ್ನಾಟಕದಲ್ಲಿ 2015ರ ಕಾನೂನಿನಿಂದ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಒಂದು ಭಾಷೆಯಾಗಿ ಕಡ್ಡಾಯ. ಮಾತು ಬಂದರೆ ಸಾಲದು, ಮಗಳಿಗೆ ಒತ್ತಕ್ಷರ ಸಹಿತ ಓದಿ ಬರೆಯಲು ಬರಬೇಕು. ಮತ್ತೆ ಐಎಲ್‌ಆರ್ ಸಿಕ್ಕಿದ ಮೇಲೆ ಹೋದರೆ, ಸತತ ಎರಡು ವರ್ಷ ಹೊರಗಿದ್ದರೆ ಅದು ರದ್ದಾಗುತ್ತದೆ. ಪೌರತ್ವ ಪಡೆದು ಹೋದವರಿಗೆ ಆ ತೊಂದರೆ ಇಲ್ಲ, ಆದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಮಾಡಿಸಬೇಕು.

ಬೆಂಗಳೂರು–ಸ್ಲೌ
ನಾನು ಹೇಳಿದ್ದೂ ಅದೇ. ಹೊರಡಿ.

ಶಿವಮೊಗ್ಗ–ರೀಡಿಂಗ್
ಎಲ್ಲರಿಗೂ ಧನ್ಯವಾದ. ಸ್ಲೌ ಸರ್ ಹೇಳಿದ್ದು ಓದಿ ಯಜಮಾನ್ರು ರಾತ್ರಿಯೇ ಬೆಂಗಳೂರಿನ ಶಾಲೆ ಫೀಸ್ ನೋಡ್ತಾ ಕೂತಿದ್ರು. ಎರಡು ಅನುಮಾನ: ಹತ್ತು ವರ್ಷವೇ ಆದ್ರೆ ಮಗಳ ಕಾಲೇಜಿಗೆ ವಿದೇಶಿ ಫೀಸ್ ಕಟ್ಟಬೇಕಾಗುತ್ತಾ? 52,000ದಲ್ಲಿ ಪೆನ್ಷನ್‌ಗೆ 5% ಸ್ಯಾಲರಿ ಸ್ಯಾಕ್ರಿಫೈಸ್ ಹೋಗುತ್ತೆ, ತೊಂದರೆ ಇದೆಯಾ?

ಮೈಸೂರು–ಹ್ಯಾರೋ
ಕಾಲೇಜಿಗೆ ಭಯ ಇಲ್ಲ. ಕೋರ್ಸ್ ಶುರುವಾಗೋ ಹೊತ್ತಿಗೆ ಐಎಲ್‌ಆರ್ ಇದ್ದು, ಅದರ ಹಿಂದಿನ ಮೂರು ವರ್ಷ ಇಲ್ಲೇ ವಾಸ ಇದ್ರೆ ಹೋಮ್ ಫೀ (ಇಲ್ಲಿನವರ ಫೀಸ್), 2025–26ರ ಲೆಕ್ಕದಲ್ಲಿ ಇಂಗ್ಲೆಂಡಿನಲ್ಲಿ ವರ್ಷಕ್ಕೆ 9,535 ಪೌಂಡ್. ಹತ್ತು ವರ್ಷ ಅಂದ್ರೂ 2032, ನಿಮ್ಮ ಮಗಳು ಆಗಿನ್ನೂ ಹೈಸ್ಕೂಲು. ಈ ಭಯ ಪಡಬೇಕಾದೋರು ಈಗ 14, 15 ವರ್ಷದ ಮಕ್ಕಳಿರೋರು.
ಪೆನ್ಷನ್ನೇ ನಿಮ್ಮ ನಿಜವಾದ ಸಮಸ್ಯೆ. ಸ್ಯಾಲರಿ ಸ್ಯಾಕ್ರಿಫೈಸ್ ಅಂದ್ರೆ ಸಂಬಳವೇ ಕಡಿಮೆ ಆದ ಹಾಗೆ. 52,000ದಲ್ಲಿ 2,600 ಹೋಗಿ ಪಿ60ಯಲ್ಲಿ (ವರ್ಷದ ಸಂಬಳ, ತೆರಿಗೆ ಲೆಕ್ಕದ ಪತ್ರ) ಕಾಣೋದು 49,400. ಪ್ರಸ್ತಾವದಲ್ಲಿರೋದು ತೆರಿಗೆ ಲೆಕ್ಕದ ಆದಾಯ, ಹಾಗಾಗಿ 870 ಪೌಂಡ್ ಕೊರತೆ. ತೆರಿಗೆಗೆ ಮೊದಲೇ ಪೆನ್ಷನ್ ಕಳೆಯೋ ನೆಟ್ ಪೇ ವಿಧಾನದಲ್ಲೂ ಇದೇ ಗತಿ. ತೆರಿಗೆ ಕಳೆದ ಮೇಲೆ ಪೆನ್ಷನ್ ಕಟ್ಟೋ ರಿಲೀಫ್ ಅಟ್ ಸೋರ್ಸ್ ವಿಧಾನದಲ್ಲಿ ಮಾತ್ರ ಪಿ60ಯಲ್ಲಿ ಪೂರ್ತಿ ಸಂಬಳ ಕಾಣುತ್ತೆ. ಸೈಕಲ್, ಎಲೆಕ್ಟ್ರಿಕ್ ಕಾರು ಸ್ಯಾಲರಿ ಸ್ಯಾಕ್ರಿಫೈಸ್‌ನಲ್ಲಿ ತಗೊಂಡಿದ್ರೆ ಅದೂ ಕಳೆಯುತ್ತೆ.
2027ರ ಮಾರ್ಚ್ ಅರ್ಜಿಗೆ ಹಿಂದಿನ ಮೂರು ಪೂರ್ತಿ ತೆರಿಗೆ ವರ್ಷ ಅಂದ್ರೆ 2023–24, 2024–25, 2025–26. ಹಳೇ ಎರಡು ಪಿ60 ತೆಗೆದು ನೋಡಿ. ಅವೂ 50,270ಕ್ಕಿಂತ ಕಡಿಮೆ ಇದ್ರೆ ಈ ವರ್ಷ ಸರಿ ಮಾಡಿ ಪ್ರಯೋಜನ ಇಲ್ಲ, ಮುಂದಿನ ಮೂರು ವರ್ಷ ಸರಿಯಾಗಿರೋ ಹಾಗೆ ನೋಡ್ಕೊಳ್ಳಿ. ಅವೆರಡೂ ಸರಿ ಇದ್ರೆ ಜನವರಿ ಸಂಬಳಕ್ಕೆ ಮೊದಲೇ ಪೇರೋಲ್‌ಗೆ ಬರೆದು ಸ್ಯಾಕ್ರಿಫೈಸ್ ನಿಲ್ಲಿಸಿ, ರಿಲೀಫ್ ಅಟ್ ಸೋರ್ಸ್‌ಗೆ ಬದಲಿಸೋಕೆ ಆಗುತ್ತಾ ಕೇಳಿ. ಮೂರು ತಿಂಗಳು ನಿಲ್ಲಿಸಿದ್ರೆ ಉಳಿಯೋದು 650 ಅಷ್ಟೇ, ಇನ್ನೂ 220 ಬೇಕು. ಬೋನಸ್ ಏನಾದ್ರೂ ಬಾಕಿ ಇದ್ರೆ ಏಪ್ರಿಲ್ 5ರೊಳಗೆ ಸಂಬಳಕ್ಕೆ ಸೇರೋ ಹಾಗೆ ಕೇಳ್ಕೊಳ್ಳಿ.

ಹುಬ್ಬಳ್ಳಿ–ಲೀಡ್ಸ್
ಇಷ್ಟೆಲ್ಲಾ ಮಾಡೂದಕ್ಕಿಂತ ಕೇಸ್ ಹಾಕೂದು ಸಸ್ತಾ ಆಗ್ತದ್ರಿ.